ಕಾಡುಚೆರ್ರಿಗೆ ಹಗ್ಗ ಕಟ್ಟಿದ ಹತ್ಸುಯೆ

ಗಿಡ್ಡ ಮೈ, ಗಂಡಸರ ರಬ್ಬರ್ ಬೂಟು, ಆಚೆ ಗುಡ್ಡಕ್ಕೂ ಕೇಳುವ ಗಂಟಲು. ಮಾಲು ನೋಡಿ ಬೆಲೆ ಕಟ್ಟುವ ಇವಾಕಿಚಿ ಮೊದಲ ನೋಟಕ್ಕೇ ಹತ್ಸುಯೆಯನ್ನು ಅಗ್ಗದ ಸಾಲಿಗೆ ಸೇರಿಸಿದ. ಅವನ ಚಹಾ ಡಬ್ಬಿಗಳಿಗೆ ಹೊದಿಸುವ ಕಾಡುಚೆರ್ರಿ ತೊಗಟೆಯನ್ನು ಸುಲಿದು ಕೊಡುತ್ತಿದ್ದವನು ಅವಳ ಗಂಡ. ಅವನು ತೀರಿಕೊಂಡದ್ದರಿಂದ ಆ ಚಳಿಗಾಲ ಮರ ಆರಿಸಲು ವ್ಯಾಪಾರಿಯೇ ಅಕಿತಾ ಸೀಮೆಯ ಗುಡ್ಡ ಹತ್ತಬೇಕಾಯಿತು. ತೊಗಟೆ ಸಿಗದಿದ್ದರೆ ಅಂಗಡಿಗೆ ಬೀಗ.

ಅಲ್ಲಿ ಮರ ಆರಿಸುವುದು ಹಿಮ ಗಟ್ಟಿಯಾದಾಗ. ಗಿಡ್ಡ ಬಿದಿರಿನ ಪೊದೆಗಳೆಲ್ಲ ಹಿಮದಡಿ ಹೂತುಹೋಗಿ, ಎಲ್ಲೆಂದರಲ್ಲಿ ಕಾಲಿಡಬಹುದು. ಆರಿಸಿದ ಮರಕ್ಕೆ ಹುಲ್ಲುಹಗ್ಗ ಕಟ್ಟಬೇಕು. ವ್ಯಾಪಾರಿಗಾಗಲಿ ಊರಿನ ಮನೆಗಾಗಲಿ ಊರವರು ಎಣಿಸಿ ಕೊಟ್ಟಷ್ಟೇ ಹಗ್ಗ, ಕಟ್ಟಿದ್ದನ್ನು ಬಿಚ್ಚುವಂತಿಲ್ಲ. ಬೇಸಿಗೆ ಮುಗಿಯುವಾಗ ಆ ಮರಗಳನ್ನಷ್ಟೇ ಸುಲಿಯಬಹುದು.

ಮರ ತೋರಿಸಲು ಹತ್ಸುಯೆ ಹತ್ತಿ ಬರುವಷ್ಟರಲ್ಲಿ ಇವಾಕಿಚಿ ತನ್ನ ಹಗ್ಗಗಳನ್ನೆಲ್ಲ ಕಟ್ಟಿ ಮುಗಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಭೇಷ್ ಸಾಹುಕಾರ್ರೇ! ಬರ್ಚ್ ಮರದ ವ್ಯಾಪಾರ ಯಾವಾಗ ಶುರು ಮಾಡಿದ್ರಿ?"

"ಅಡ್ಡ ಗೆರೆ ಇದೆಯಲ್ಲ ಅಕ್ಕಾ, ಚೆರ್ರಿ ಥರಾನೇ!"

"ಗೆರೆ ನನ್ನ ಹಣೇಲೂ ಇದೆ. ಸುಲಿದುಬಿಡ್ತೀರಾ?"

ಅವಳು ಪಕ್ಕದ ಮರದ ಕಡ್ಡಿ ಮುರಿದು, ಉಗುರಲ್ಲಿ ಕೆರೆದು ಅವನ ಮೂಗಿಗೆ ಹಿಡಿದಳು. ಕಹಿ ಬಾದಾಮಿಯ ವಾಸನೆ. ತುದಿಯಲ್ಲಿ ಮೊಗ್ಗುಗಳು ಗುಂಪುಗೂಡಿದ್ದವು.

"ಇದು ಚೆರ್ರಿ. ನೀವು ಹಗ್ಗ ಕಟ್ಟಿದ್ರಲ್ಲಿ ಚೆರ್ರಿ ಇರೋದು ಅಗೋ, ಆ ಮರ ಒಂದೇ, ಅದಕ್ಕೂ ಪಾಚಿ ಹಿಡಿದಿದೆ."

"ಪಾಚಿ ಎಲ್ಲ ಮರಕ್ಕೂ ಹಿಡಿದಿದೆಯಲ್ಲ?"

ಅವಳು ಇನ್ನೊಂದು ಚೆರ್ರಿ ಮರದಿಂದ ದಿಂಬಿನಂಥ ದುಂಡು ಪಾಚಿಯನ್ನು ಕಿತ್ತಳು. ಕೆಳಗೆ ತೊಗಟೆ ಹೊಳೆಯಿತು. ಅವನ ಮರದ ಪಾಚಿ ಒದ್ದೆ ಕೂದಲಿನಂತೆ ಅಂಟಿಕೊಂಡಿತ್ತು; ಎಳೆದರೆ ತೊಗಟೆಯೇ ಪುಡಿಪುಡಿಯಾಗಿ ಬಂತು.

"ಅದು ನೆಂಟ್ರ ಥರ, ಬಂದು ಹೋಗತ್ತೆ. ಇದು ಮನೆ ಅಳಿಯ. ಕೂತಲ್ಲೇ ತಿನ್ನತ್ತೆ."

ಇವಾಕಿಚಿ ಹಿಮದ ಮೇಲೆ ಕುಸಿದ. "ಮುಗೀತು ಅಕ್ಕಾ. ಡಬ್ಬಿ ಮಾಡೋರಿಗೆ ಏನ್ ಹೇಳ್ಲಿ?"

"ಅಳಬೇಡಿ, ಕಣ್ಣೀರು ಹೆಪ್ಪುಗಟ್ಟತ್ತೆ." ಅವಳು ಮಡಿಲಿನಿಂದ ತನ್ನ ಮನೆಪಾಲಿನ ಹಗ್ಗಗಳನ್ನು ತೆಗೆದಳು. "ಇವನ್ನ ಬೇರೆ ವ್ಯಾಪಾರಿ ಕೇಳಿದ್ದ. ಬರ್ಲಿ, ಬೈಸ್ಕೋತೀನಿ. ಕಟ್ಟೋದು ನಾನು, ಆರ್ಸೋದು ನೀವು. ತಪ್ಪಿದ್ರೆ ಕೈಗೆ ಏಟು ಬೀಳತ್ತೆ."

ಬಿತ್ತು, ಚೆನ್ನಾಗಿಯೇ ಬಿತ್ತು. ಹೊಗೆ ಹಿಡಿಸಿದ ಮೂಲಂಗಿ ಉಪ್ಪಿನಕಾಯಿಯೊಂದಿಗೆ ಅನ್ನದುಂಡೆ ತಿನ್ನುವಾಗಲೂ ಅವಳು ಕಡ್ಡಿ ಮೂಸಿಸುವುದನ್ನು ಬಿಡಲಿಲ್ಲ. ಕೊನೆಯ ಹಗ್ಗದ ಮರವನ್ನು ಇವಾಕಿಚಿ ದೂರದಿಂದಲೇ ತೋರಿಸಿದ. ಹತ್ಸುಯೆ ನೇರ ಹೋಗಿ ಅದಕ್ಕೇ ಹಗ್ಗ ಸುತ್ತಿದಳು.

ಆ ವರ್ಷ ಅಂಗಡಿ ಮುಚ್ಚಲಿಲ್ಲ, ಆಮೇಲೂ ಮುಚ್ಚಲಿಲ್ಲ. ಅಂಗಡಿ ಉಳಿದದ್ದು ಅವಳಿಂದ. ಮರ ಗುರುತಿಸುವ ಕಣ್ಣು ಇವಾಕಿಚಿಗೆ ಬಂದದ್ದೂ ಅವಳಿಂದಲೇ.