ತವರಿನಿಂದ ತಂದ ಕೆಸರು

ನಮ್ಮ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಪಕ್ಕ, ಈಗ ಒಂದು ಬಾಟಲಿ ಕೆಸರು ಕೂತಿದೆ. ಮೊಮ್ಮಗಳು ತಂದದ್ದು. ನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳ ವಿಷಯ ಓದುತ್ತಾಳಂತೆ, ನೇತ್ರಾವತಿಯ ದಡದಿಂದ ತುಂಬಿಸಿಕೊಂಡು ಬಂದಿದ್ದಾಳೆ. ನಿನ್ನೆ ಮುಚ್ಚಳ ತೆಗೆದಳು ನೋಡಿ, ಮನೆಯವರೆಲ್ಲ ಮೂಗು ಹಿಡಿದುಕೊಂಡು ಅಂಗಳಕ್ಕೆ ಓಡಿದರು. ನಾನು ಮಾತ್ರ ಕಣ್ಣು ಮುಚ್ಚಿ ಉಸಿರು ಎಳೆದುಕೊಂಡೆ. ಆಹಾ, ಕೊಳೆತ ಮೊಟ್ಟೆಯನ್ನು ಉಪ್ಪುನೀರಲ್ಲಿ ಅದ್ದಿದ ಹಾಗಿನ ಆ ವಾಸನೆ! ನನಗೆ ನನ್ನ ಮದುವೆಯ ಮೊದಲ ವರ್ಷ ನೆನಪಾಯಿತು. ನಗಬೇಡಿ. ಮಲ್ಲಿಗೆಯ ಪರಿಮಳಕ್ಕೆ ಮದುವೆ ನೆನಪಾಗುವವರು ಬೇಕಾದಷ್ಟು ಜನ ಇದ್ದಾರೆ, ನನ್ನದು ಹೀಗೆ.

ನನ್ನ ತವರು ಉಳ್ಳಾಲದ ಕಡೆ, ಹೊಳೆಯ ದಂಡೆಯಲ್ಲಿ. ನಮ್ಮದು ಹಗ್ಗ ಹೊಸೆಯುವ ಮನೆ. ತೆಂಗಿನ ಸಿಪ್ಪೆಯನ್ನು ಉಪ್ಪುನೀರಿನ ಗುಂಡಿಯಲ್ಲಿ ತಿಂಗಳುಗಟ್ಟಲೆ ಮುಳುಗಿಸಿ ಕೊಳೆಸಬೇಕು. ಮೆತ್ತಗಾದ ಮೇಲೆ ಕೊರಡಿನ ಮೇಲಿಟ್ಟು ಬಡಿದರೆ ನಾರು ಬಿಡುತ್ತದೆ. ಕೊಳೆಯುವಾಗಿನ ನಾತ ಕೇಳಬೇಡಿ! ಆದರೆ ಆ ನಾತ ಎದ್ದರೇ ಅಮ್ಮನಿಗೆ ಸಮಾಧಾನ. “ಗುಂಡಿ ಕೆಲಸಕ್ಕೆ ಕೂತಿತು” ಅನ್ನುತ್ತಿದ್ದಳು.

ಅಂಥ ಮನೆಯಿಂದ ನಾನು ಹೊಳೆಯಾಚೆ ಜೆಪ್ಪು ಎಂಬ ಊರಿನ ಒಂದು ಮನೆಗೆ ಸೊಸೆಯಾಗಿ ಹೋದೆ. ಅತ್ತೆಯ ಶುಚಿ ಎಂದರೆ ಶುಚಿ. ಅಂಗಳದಲ್ಲಿ ಎಲೆ ಬಿದ್ದರೆ ಮರಕ್ಕೇ ಬೈಯುವವರು ಅವರು. ಆಗ ಯುದ್ಧದ ಕಾಲ, ಹಗ್ಗಕ್ಕೆ ಎಲ್ಲಿಲ್ಲದ ಬೇಡಿಕೆ. ಆ ಮನೆಯವರಿಗೂ ಆಸೆ ಹುಟ್ಟಿ, ಹೊಳೆಬದಿಯಲ್ಲಿ ಹೊಸ ಗುಂಡಿ ತೋಡಿಸಿ, ಮನೆಯ ಸಿಪ್ಪೆಯನ್ನೆಲ್ಲ ಅದಕ್ಕೆ ಹಾಕಿದ್ದರು. ಹಾಕಿ ಸುಮ್ಮನಿರಬೇಕಲ್ಲ! ನೀರು ಸ್ವಲ್ಪ ಬಣ್ಣ ತಿರುಗಿತೋ, ಅತ್ತೆ ಆಳು ಕರೆಸಿ ಮೊಗೆಸಿ ಬಾವಿಯ ಸಿಹಿನೀರು ತುಂಬಿಸುತ್ತಿದ್ದರು. ಅಂಥ ವೈಭೋಗದ ಸ್ನಾನ ಮದುಮಗಳಾದ ನನಗೂ ಸಿಕ್ಕಿರಲಿಲ್ಲ. ಸಿಪ್ಪೆ ಮಾತ್ರ ಹಾಕಿದ ದಿನದಷ್ಟೇ ಗಟ್ಟಿ.

“ಅತ್ತೇ, ಅದು ಸ್ವಲ್ಪ ಕೊಳಕಾಗ್ಬೇಕು,” ಎಂದೆ ಒಮ್ಮೆ. ಮಾತು ನಡೆದದ್ದು ತುಳುವಿನಲ್ಲಿ, ನಿಮಗಾಗಿ ಕನ್ನಡ ಮಾಡುತ್ತಿದ್ದೇನೆ.

“ಕೊಳಕು ನಿಮ್ಮ ಕಡೆ ಬೇಕಾದಷ್ಟು ಉಂಟಲ್ಲ, ಇಲ್ಲಿಗೆ ಬೇಡ,” ಎಂದರು ಅತ್ತೆ.

ಆ ಮನೆಯಲ್ಲಿ ನಾನು ಹುಯ್ದ ನೀರುದೋಸೆ ಹರಿಯುತ್ತಿತ್ತು, ಮಾಡಿದ ಸಾರು ಉಪ್ಪಾಗುತ್ತಿತ್ತು. ನನಗೆ ಬರುತ್ತಿದ್ದ ಒಂದೇ ವಿದ್ಯೆ ನಾರಿನದು. ಆ ಗುಂಡಿಯೂ ಕೈಕೊಟ್ಟರೆ ಅಲ್ಲಿ ನಾನು ತಲೆ ಎತ್ತುವುದು ಹೇಗೆ?

ಮಳೆಗಾಲದ ಆಟಿ ತಿಂಗಳಲ್ಲಿ ಹೊಸ ಸೊಸೆ ತವರಿಗೆ ಹೋಗಿ ಕೂರುವುದು ನಮ್ಮಲ್ಲಿ ಪದ್ಧತಿ. ಹೋದವಳೇ ಅಮ್ಮನ ಮುಂದೆ ಗೋಳೋ ಎಂದು ಅತ್ತುಬಿಟ್ಟೆ. ಅಮ್ಮ ನಕ್ಕಳು. “ಹೆಪ್ಪು ಹಾಕದೆ ಹಾಲು ಮೊಸರಾಗ್ತದಾ?” ಎಂದು ನಮ್ಮ ಹಳೆಯ ಗುಂಡಿಯ ತಳದ ಕಪ್ಪು ಕೆಸರನ್ನು ಒಂದು ಮಡಕೆ ತುಂಬಿಸಿ, ಬಾಳೆಲೆಯಿಂದ ಬಾಯಿ ಕಟ್ಟಿಕೊಟ್ಟಳು. ಹೊಸ ಗುಂಡಿಗೆ ಹಳೆಯ ಗುಂಡಿಯ ಕೆಸರು ಹಾಕುವುದು ನಮ್ಮ ಮನೆಯ ವಾಡಿಕೆ.

ಹಿಂದಿರುಗುವಾಗ ದೋಣಿಯಲ್ಲಿದ್ದವರೆಲ್ಲ ನನ್ನನ್ನು ಬಿಟ್ಟು ಆಚೆ ತುದಿಗೆ ಸರಿದರು, ದೋಣಿಯೇ ವಾಲಿತು.

“ಎಂತ ಮಾರಾಯ್ತಿ ಅದು, ಸತ್ತದ್ದಾ?” ಎಂದ ದೋಣಿಯವ.

“ಇಲ್ಲ, ಜೀವ ಉಂಟು!” ಎಂದೆ, ಸಿಟ್ಟಿನಿಂದ.

ತವರಿನಿಂದ ಬಂದ ಸೊಸೆ ತಿಂಡಿ ತರದೆ ಇರುತ್ತಾಳೆಯೇ? ನೆರೆಮನೆಯ ಹೆಂಗಸರೂ ಸೇರಿದ್ದರು. ಹಲಸಿನ ಗಟ್ಟಿಯೋ ಏನೋ ಎಂದು ಅತ್ತೆ ನನ್ನನ್ನು ಕೇಳದೆ ಮಡಕೆಯ ಬಾಳೆಲೆ ಬಿಚ್ಚಿದರು. ಆ ಮುಖವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

“ದೇವರೇ! ಇದೆಂತದು?”

“ಗುಂಡಿಗೆ ಹೆಪ್ಪು, ಅತ್ತೆ.”

ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು. ಅತ್ತೆ ನಗಲಿಲ್ಲ. “ಹೋಗಿ ಸುರಿ. ಮುಂದಿನ ಮಳೆಗಾಲದ ಮುಂಚೆ, ಪತ್ತನಾಜೆಯ ಒಳಗೆ ಕೊಳೆಯದಿದ್ದರೆ ಎಲ್ಲ ಬಚ್ಚಲ ಒಲೆಗೆ. ಮತ್ತೆ ಈ ಮನೆಯಲ್ಲಿ ಹಗ್ಗದ ಸುದ್ದಿ ಎತ್ತಬಾರದು.”

ಸುರಿದೆ. ಮಳೆ ನಿಂತಿತು, ಹೊಳೆಗೆ ಮತ್ತೆ ಉಪ್ಪು ಏರಿತು, ಗುಂಡಿಗೂ ಜಿನುಗಿತು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ದೋಸೆ ಹರಿಯುತ್ತ ಕೂತಿದ್ದೆ, ಕಿಟಕಿಯಿಂದ ಬಂತು ನೋಡಿ ವಾಸನೆ! ಕಾವಲಿ ಬಿಟ್ಟು ಓಡಿದೆ. ಗುಂಡಿಯ ತುಂಬ ಗುಳ್ಳೆ, ಅನ್ನದ ಮಡಕೆ ಕುದಿಯುವ ಹಾಗೆ. ಅಲ್ಲೇ ಒಂದು ಸಲ ಕುಣಿದೇಬಿಟ್ಟೆ.

ಪತ್ತನಾಜೆಗೆ ಮೊದಲೇ ಸಿಪ್ಪೆ ಮೇಲೆ ತೆಗೆದು ಬಡಿದೆವು. ನಾರು ಹೊಂಬಣ್ಣಕ್ಕಿತ್ತು. ಅತ್ತೆ ಅದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. “ಪರವಾಗಿಲ್ಲ, ನಿನ್ನ ಕೆಸರು ಜೋರುಂಟು,” ಎಂದರು. ಅಂದಿನಿಂದ ಹರಿದ ದೋಸೆಗೆ ಯಾರೂ ಏನೂ ಅನ್ನಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ! ಈ ಕಥೆಯನ್ನು ನಾನು ಗೆದ್ದ ಕಥೆಯೆಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ.

ನಿನ್ನೆ ಮೊಮ್ಮಗಳಿಗೂ ಹೇಳಿದೆ. ಅವಳು ಒಳಗಿನ ವಿಷಯ ಬಿಡಿಸಿದಳು. ಕೆಸರಿನಲ್ಲಿರುವುದು ಒಂದೇ ಜಾತಿಯ ಜೀವಿ ಅಲ್ಲವಂತೆ. ನೀರಿನ ಗಾಳಿಯನ್ನು ಉಸಿರಾಡುವವು ಮೊದಲ ಪಂಕ್ತಿಯಲ್ಲಿ ಕೂತು ಅದನ್ನು ಮುಗಿಸುತ್ತವಂತೆ. ಗಾಳಿಯೇ ಬೇಡದವು ಎರಡನೆಯ ಪಂಕ್ತಿಗೆ ಕೂತು ನಾರಿನ ಅಂಟನ್ನು ತಿನ್ನುತ್ತವಂತೆ. ನಾತ ಎಬ್ಬಿಸುವವು ಬೇರೆಯೇ ಅಂತೆ. ಒಬ್ಬರು ಉಂಡು ಏಳದೆ ಇನ್ನೊಬ್ಬರಿಗೆ ಎಲೆ ಇಲ್ಲ. ನನಗೆ ಬಹಳ ಖುಷಿಯಾಯಿತು. ಆಮೇಲೆ ಅವಳು ಕೇಳಿದಳು, “ಅಜ್ಜಿ, ಕೆಸರು ಹಾಕಿದ ಮೇಲೆ ನೀರು ಬದಲಿಸ್ಲಿಲ್ವಾ?”

“ಇಲ್ಲ. ಅತ್ತೆ ಸಿಟ್ಟಲ್ಲಿ ಆ ಗುಂಡಿಯನ್ನೇ ಬಿಟ್ಟುಬಿಟ್ಟಿದ್ರು.”

“ಅಷ್ಟು ಶುಚಿಯವರು, ಅಷ್ಟು ನಾತಕ್ಕೆ ಸುಮ್ಮನೆ ಬಿಟ್ರಾ? ಒಮ್ಮೆ ಮೊಗೆಸಿದ್ರೆ ಸಾಕಿತ್ತು ಅಜ್ಜಿ, ನಿಮ್ಮ ಹೆಪ್ಪೆಲ್ಲ ಹೊಳೆಪಾಲು.”

ಆಗ ನನಗೆ ನೆನಪಾಯಿತು. ಆ ತಿಂಗಳುಗಳಲ್ಲಿ ಅತ್ತೆ ಹಿತ್ತಿಲ ಮೆಟ್ಟಿಲಲ್ಲಿ ಕೂರುತ್ತಿದ್ದರು, ಗುಂಡಿಯ ಕಡೆಗೇ ಮುಖ ಮಾಡಿ. ಮೂಗಿಗೆ ಸೆರಗು. ಎರಡೂ ಕೈಯನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು. ಮುನಿಸಿಕೊಂಡಿದ್ದಾರೆ ಎಂದೇ ನಾನು ಎಣಿಸಿದ್ದೆ. ಅಯ್ಯೋ ನನ್ನ ಅತ್ತೆಯೇ! ಮೊಗೆದು ತೊಳೆದು ಬಿಡಲು ಆ ಕೈಗಳು ಎಷ್ಟು ತುರಿಸಿರಬೇಕು!

ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನನ್ನ ಕೆಸರು ಕೆಲಸ ಮಾಡಿತು, ನಿಜ. ಅತ್ತೆ ಏನೂ ಮಾಡದೆ ಕೂತರು. ಎರಡರಲ್ಲಿ ಯಾವುದು ಕಷ್ಟ ಅಂತ ನೀವೇ ಹೇಳಿ.