ಅಣ್ಣನ ಕೈಯಲ್ಲಿ ಮಾತ್ರ ಕಟ್ಟುವ ನೀರು

ನಮ್ಮಣ್ಣ ಫ್ರಿಜ್ ರಿಪೇರಿಯವನು. ಮೂವತ್ತು ವರ್ಷದ ಕಸುಬು, ಜಂಬಕ್ಕೂ ಅಷ್ಟೇ ವಯಸ್ಸು. ಯಾರ ಮನೆಗೆ ಹೋದರೂ ಮೊದಲು ಯಂತ್ರದ ಬೆನ್ನಿಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಾನೆ. ಆಮೇಲೆ ಮನೆಯವರನ್ನೇ ಬೈಯುತ್ತಾನೆ: "ಗೋಡೆಗೆ ಅಂಟಿಸಿ ಇಟ್ಟಿದ್ದೀರಲ್ಲ, ಅದು ಉಸಿರಾಡೋದು ಬೇಡ್ವಾ?" ಬೈಸಿಕೊಂಡವರೇ ಮತ್ತೆ ಅವನನ್ನು ಹುಡುಕಿಕೊಂಡು ಬರುತ್ತಾರೆ. ತಾಮ್ರದ ಕೊಳವೆಗೆ ಅವನು ಹಾಕಿದ ಬೆಸುಗೆ ಬಿಟ್ಟಿದ್ದನ್ನು ನಾನಂತೂ ಕೇಳಿಲ್ಲ.

ಇಂಥವನ ತಲೆ ಕೆಡಿಸಿದ್ದು ನನ್ನ ಅಂಗಡಿಯ ಫ್ರಿಜ್ಜು.

ಬಸ್ ನಿಲ್ದಾಣದ ಎದುರು ನನ್ನದೊಂದು ಪುಟ್ಟ ಅಂಗಡಿ. ಗಾಜಿನ ಬಾಟಲಿಗಳಲ್ಲಿ ನೀರು ಮಾರುತ್ತೇನೆ. ಒಂದು ಮಧ್ಯಾಹ್ನ ಅಣ್ಣ ಬಂದು ತಾನೇ ಫ್ರಿಜ್ ತೆಗೆದು ಬಾಟಲಿ ಎತ್ತಿಕೊಂಡ. ತಿಳಿಯಾಗಿದ್ದ ನೀರು ನೋಡನೋಡುತ್ತಲೇ ಮೇಲಿಂದ ಬೆಳ್ಳಗಾಗುತ್ತಾ ಬಂದು ಮಂಜುಗಡ್ಡೆ ಕಟ್ಟಿಕೊಂಡಿತು. ಇನ್ನೊಂದು ಎತ್ತಿದ, ಅದೂ ಹಾಗೇ. ಮೂರನೆಯದನ್ನು ನಾನು ಎತ್ತಿದೆ. ನೀರು ನೀರಾಗಿಯೇ ಇತ್ತು.

"ಏನೇ ಇದು?"

"ನಿನ್ನ ಕೈಗುಣ ಅಣ್ಣ," ಅಂತ ನಕ್ಕೆ.

ಅವನು ನಗಲಿಲ್ಲ. ಒಳಗೆ ಥರ್ಮಾಮೀಟರ್ ಇಟ್ಟು ನೋಡಿದ. "ಸೊನ್ನೆಗಿಂತ ಐದು ಡಿಗ್ರಿ ಕೆಳಗಿದೆ."

"ಮತ್ತೆ ಒಳಗೇ ಯಾಕೆ ಗಟ್ಟಿಯಾಗ್ಲಿಲ್ಲ?"

"ಅಲ್ಲಾಡದೆ ಇದ್ರೆ ನೀರು ಅಷ್ಟು ತಂಪಾದ್ರೂ ಹಾಗೇ ಇದ್ದುಬಿಡುತ್ತೆ ಕಣೆ. ಒಂದು ಪೆಟ್ಟು ಬಿತ್ತು ಅನ್ಕೋ, ಸಣ್ಣ ಹರಳು ಹುಟ್ಟುತ್ತೆ, ಅದನ್ನ ಹಿಡ್ಕೊಂಡು ಉಳಿದದ್ದೆಲ್ಲ ಕಟ್ಟುತ್ತೆ."

"ಹಾಗಾದ್ರೆ ನೀನು ಪೆಟ್ಟು ಕೊಟ್ಟೆ."

"ಎಲ್ಲಿ ಕೊಟ್ಟೆ? ಮಗು ಎತ್ತೋ ಹಾಗೆ ಎತ್ತಿದೆ. ನಿಂಗೊಂದು ನಂಗೊಂದು ಮಾಡೋಕೆ ಅದಕ್ಕೇನು ಕಣ್ಣಿದ್ಯಾ?"

ನನಗೂ ತಲೆಬುಡ ತಿಳಿಯಲಿಲ್ಲ. ಅವನು ಥರ್ಮೋಸ್ಟಾಟ್ ಬದಲಿಸಿದ. ತಂಪು ಸಾಲದು ಅಂತ ಗಿರಾಕಿಗಳು ಗೊಣಗಿದರೆಂದು ನಾನೇ ಅದರ ಗುಂಡಿಯನ್ನು ಮತ್ತೆ ಪೂರ್ತಿ ತಂಪಿಗೆ ತಿರುಗಿಸಿಟ್ಟು ಬೈಸಿಕೊಂಡೆ. ಅಣ್ಣ ನಾಲ್ಕು ದಿನ ಬಂದ. ಗಿರಾಕಿಗಳು ಎತ್ತಿದರೆ ನೀರು, ಅವನು ಎತ್ತಿದರೆ ಮಂಜುಗಡ್ಡೆ. ನಾನು ದಿನಾ ಕೈಗುಣ, ಕೈಗುಣ ಅಂತ ರೇಗಿಸಿದೆ. ನಾಲ್ಕನೆಯ ದಿನ ಅವನ ಮುಖ ಸಪ್ಪಗಾಗಿತ್ತು.

"ತಂಗಿ ಫ್ರಿಜ್ಜೇ ಸರಿಮಾಡೋಕಾಗ್ಲಿಲ್ಲ ಅಂದ್ರೆ ನನ್ನ ಯಾರು ಕರೀತಾರೆ? ನಾಳೆ ಇದು ಸರಿಹೋಗದಿದ್ರೆ ಹತಾರದ ಪೆಟ್ಟಿಗೆ ಮುಚ್ಚಿಟ್ಟುಬಿಡ್ತೀನಿ. ಈ ಕೆಲ್ಸ ಬಿಟ್ರೆ ನಂಗೇನು ಬರುತ್ತೆ ಹೇಳು?"

ಐದನೆಯ ದಿನ ಅಣ್ಣ ಬಂದಾಗ ಬೀದಿಯಲ್ಲಿ ಬಸ್ಸಿರಲಿಲ್ಲ, ಗದ್ದಲವಿರಲಿಲ್ಲ. ಅಣ್ಣ ಉಸಿರು ಬಿಗಿಹಿಡಿದು ಬಾಟಲಿಗೆ ಕೈಹಾಕಿದ. ಟಿಣ್ ಟಿಣ್ ಟಿಣ್ ಅಂತ ಸಣ್ಣ ಸದ್ದು ಕೇಳಿಸಿತು. ಬಗ್ಗಿ ನೋಡಿದೆ. ಅವನು ಹಿಡಿದ ಬಾಟಲಿ ಪಕ್ಕದ್ದಕ್ಕೆ ಬಡಿಯುತ್ತಿತ್ತು. ಅಣ್ಣನ ಕಣ್ಣು ನೀರಿನ ಮೇಲೆಯೇ ಇತ್ತು, ಕೈ ಮೇಲಲ್ಲ.

ಇಷ್ಟು ದಿನ ಆಡಿಕೊಂಡ ನನ್ನ ಬಾಯಿಗಿಷ್ಟು ಬೆಂಕಿ ಬೀಳ.

ಅವನ ಮಣಿಕಟ್ಟನ್ನು ನನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ. "ಬೇರೆ ಬಾಟ್ಲಿ ಎತ್ತು ಈಗ."

ಎತ್ತಿದ. ನೀರು ತಿಳಿಯಾಗಿಯೇ ಹೊರಗೆ ಬಂತು.

"ಸರಿಹೋಯ್ತಲ್ಲೇ!" ಅಣ್ಣನ ಮುಖ ಅರಳಿತು. "ಏನ್ ಮಾಡ್ದೆ? ಫ್ರಿಜ್ಜಲ್ಲಿ ಏನಾಗಿತ್ತು ಹೇಳೇ!"

ನನ್ನ ಬೆರಳುಗಳ ಕೆಳಗೆ ಅವನ ಕೈ ಇನ್ನೂ ನಡುಗುತ್ತಿತ್ತು. ಬಿಡಲು ನನಗೆ ಧೈರ್ಯ ಬರಲಿಲ್ಲ.

"ಫ್ರಿಜ್ಜಿಗೆ ಏನೂ ಆಗಿಲ್ಲ ಅಣ್ಣ," ಅಂದೆ.

ಅವನು ಆಗ ಕೈ ನೋಡಿಕೊಂಡ.