ಹೊಸ ಗೂಟಗಳ ಕೊಟ್ಟಿಗೆ

ಕೇಳಿ ಮಕ್ಕಳೇ, ನಿಮ್ಮಜ್ಜಿ ನಾನು ಚಿಕ್ಕವಳಿದ್ದಾಗ ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹುಡುಗನ ಮನೆ ನೋಡಿಕೊಂಡು ಬರುತ್ತಿದ್ದರು. ಹುಡುಗನನ್ನು ಕಣ್ಣೆತ್ತಿ ನೋಡುತ್ತಿದ್ದರೋ ಇಲ್ಲವೋ, ಮನೆಯನ್ನಂತೂ ಕಣ್ಣಲ್ಲೇ ಅಳೆದುಬಿಡುತ್ತಿದ್ದರು. ಕಣಜ ಎಷ್ಟು ದೊಡ್ಡದು, ಬಾವಿಯಲ್ಲಿ ನೀರು ಹೇಗಿದೆ, ಎಲ್ಲಕ್ಕಿಂತ ಹೆಚ್ಚಾಗಿ ಕೊಟ್ಟಿಗೆಯಲ್ಲಿ ದನ ಎಷ್ಟಿವೆ. ಕೊಟ್ಟಿಗೆ ತುಂಬಿದ್ದರೆ ಹಾಲಿಗೂ ಉಳುಮೆಗೂ ಕೊರತೆಯಿಲ್ಲದ ಮನೆ ಎಂದು ಲೆಕ್ಕ.

ನಮ್ಮ ಅಕ್ಕನಿಗೆ ಮೂಗೂರಿನ ಹತ್ತಿರದ ಹಳ್ಳಿಯಿಂದ ಸಂಬಂಧ ಬಂತು. ಅಪ್ಪ ನಂಜನಗೂಡಿನಿಂದ ಗಾಡಿ ಕಟ್ಟಿಸಿದರು. ಜೊತೆಗೆ ಅವರ ತಂಗಿ, ನಮ್ಮ ಸೋದರತ್ತೆ. ನಾನು ಅತ್ತು ರಂಪ ಮಾಡಿ ಗಾಡಿ ಹತ್ತಿದೆ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಾನು ಬಾಳಬೇಕಾದ ಮನೆಯನ್ನು ಮದುವೆಗೆ ಮುಂಚೆ ಅವಳು ನೋಡುವ ಹಾಗೇ ಇರಲಿಲ್ಲ. ನಾವು ಬಂದು ಏನು ಹೇಳುತ್ತೇವೋ ಅದೇ ಅವಳ ಹಣೆಬರಹ.

ಹುಡುಗನ ಮನೆ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಆಗತಾನೇ ಸಾರಿಸಿದ ಅಂಗಳದ ಸಗಣಿ ವಾಸನೆ, ಒಳಗಿಂದ ಒಬ್ಬಟ್ಟು ಬೇಯುವ ತುಪ್ಪದ ವಾಸನೆ. ಹುಡುಗನಿಗೆ ತಂದೆ ಇರಲಿಲ್ಲ, ದೊಡ್ಡಪ್ಪನದೇ ಯಜಮಾನಿಕೆ. ಆತ ನಮಗೆ ಮಜ್ಜಿಗೆ ಕುಡಿಯಲೂ ಬಿಡದೆ ಕೊಟ್ಟಿಗೆಗೆ ಕರೆದುಕೊಂಡು ಹೋದ. ಅಲ್ಲಿ ದನಗಳು ಒತ್ತೊತ್ತಾಗಿ ನಿಂತಿದ್ದವು.

"ಎಲ್ಲಾ ನಮ್ಮವೇ ಕಣ್ ಯಜಮಾನ್ರೇ. ನಮ್ಮಪ್ಪನ್ ಕಾಲ್ದಿಂದ್ಲೂ ಈ ಕೊಟ್ಟಿಗೆ ಬರಿದಾಗಿದ್ದೇ ಇಲ್ಲ," ಅಂದ.

ಅಪ್ಪನ ಮುಖ ಅರಳಿತು. ಅಪ್ಪ ಒಳ್ಳೆಯವರು, ಯಾರು ಏನು ಹೇಳಿದರೂ ನಂಬುವವರು. ಊಟ ಮುಗಿಯುವ ಹೊತ್ತಿಗೆ ಅವರು ಒಪ್ಪಿಬಿಟ್ಟಿದ್ದರು ಅನ್ನಿ.

ಊಟ ಆದ ಮೇಲೆ ಅತ್ತೆ ನನ್ನ ಕೈ ಹಿಡಿದು ಮತ್ತೆ ಕೊಟ್ಟಿಗೆಗೆ ಬಂದಳು. ನನಗೆ ಒಂದು ಬಿಳಿ ಹಸುವಿನ ಮೇಲೆ ಮನಸ್ಸಾಗಿತ್ತು. ಅದರ ಹೆಸರೇನು ಎಂದು ನಮ್ಮ ಹಿಂದೆಯೇ ಬಂದಿದ್ದ ಹುಡುಗನ ತಾಯಿಯನ್ನು ಕೇಳಿದೆ. ಆಕೆ ಸೆರಗು ಸರಿಮಾಡಿಕೊಂಡು, ದೊಡ್ಡಪ್ಪ ಕೂತಿದ್ದ ಜಗಲಿಯ ಕಡೆ ಒಮ್ಮೆ ನೋಡಿ, "ಗೌರಿ" ಅಂದಳು. ನಾನು ಗೌರೀ ಗೌರೀ ಎಂದು ಎಷ್ಟು ಕೂಗಿದರೂ ಹಸು ಕಿವಿ ಅಲ್ಲಾಡಿಸಲಿಲ್ಲ. ಅಷ್ಟರಲ್ಲಿ ಅತ್ತೆ ನೆಲ ನೋಡುತ್ತಿದ್ದಳು. ಎರಡು ಗೂಟ ಹಗ್ಗ ಉಜ್ಜಿ ಉಜ್ಜಿ ನುಣ್ಣಗೆ ಸವೆದಿದ್ದವು. ಮಿಕ್ಕವಕ್ಕೆ ಇನ್ನೂ ತೊಗಟೆ ಇತ್ತು, ಬುಡದಲ್ಲಿ ಹಸಿ ಮಣ್ಣು. ಮೇವು ಹಾಕುವ ಗೋದಲಿಯೂ ಎರಡು ದನದ ಬಾಯಿಗೆ ಸಾಕಾಗುವಷ್ಟೇ ಇತ್ತು.

ಅತ್ತೆ ಜಗಲಿಗೆ ವಾಪಸು ಬಂದಳು. ಗಾಡಿ ಕಟ್ಟಿಸಲು ಅಪ್ಪ ಎದ್ದರೆ, "ಬಿಸ್ಲು ಇಳೀಲಿ ಇರಣ್ಣಯ್ಯ. ಏನವಸರ?" ಎಂದು ಎಲೆಅಡಿಕೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಅತ್ತೆ ಕೂತಷ್ಟೂ ದೊಡ್ಡಪ್ಪನ ಮಾತು ಜಾಸ್ತಿಯಾಯಿತು. ನಾವು ಕೇಳದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದ.

ದನ ಮನೆಗೆ ಬರುವ ಹೊತ್ತಾಯಿತು. ಹಿಂದಿನ ಬೀದಿಯಲ್ಲಿ ಎಲ್ಲೋ ಒಂದು ಕರು ಕೂಗಿತು. ಬಿಳಿ ಹಸು ಕಿವಿ ನಿಮಿರಿಸಿ, ಹಗ್ಗ ಜಗ್ಗಿ, ಅಂಬಾ ಎಂದು ಒರಲಿತು. ಕರು ಮತ್ತೆ ಕೂಗಿತು. ಹಸುವಿನ ಕೆಚ್ಚಲಿನಿಂದ ಹಾಲು ತೊಟ್ಟಿಕ್ಕುವುದು ನನಗೇ ಕಾಣುತ್ತಿತ್ತು. ದೊಡ್ಡಪ್ಪ ದನಿ ಏರಿಸಿ ಮಳೆಬೆಳೆ ವಿಷಯ ತೆಗೆದ.

ನಾವು ಬಂದಾಗಿನಿಂದ ಕಂಬಕ್ಕೆ ಒರಗಿ ಬಾಯಿ ಬಿಡದೆ ನಿಂತಿದ್ದ ಹುಡುಗ ಆಗ ಸರ್ರನೆ ಕೊಟ್ಟಿಗೆಗೆ ಹೋದ. ಹಸುವಿನ ಹಗ್ಗ ಬಿಚ್ಚಿಕೊಂಡು ನಮ್ಮ ಮುಂದೆಯೇ ಬಂದು ಅಪ್ಪನಿಗೆ ಹೇಳಿದ: "ಇದು ನಮ್ದಲ್ಲ ಸಾ. ಹಿಂದ್ಲ್ ಬೀದಿಯೋರ್ದು. ನಮ್ಮವು ಆ ಎರಡೆತ್ತೇಯ. ಕರ ಅಸ್ಕೊಂಡದೆ, ಬುಟ್ಬುಟ್ ಬತ್ತೀನಿ."

ದೊಡ್ಡಪ್ಪ ಎದ್ದು ಒಳಗೆ ಹೋದ. ಹುಡುಗನ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಹಸುವಿನ ಹಿಂದೆ ಓಡಿದೆ.

ವಾಪಸು ಬರುವಾಗ ಗಾಡಿಯಲ್ಲಿ ಅಪ್ಪ ಕುದಿಯುತ್ತಿದ್ದರು. "ಸುಳ್ಳರ ಮನೇಗೆ ಮಗಳ್ನ ಕೊಡಾಕಿಲ್ಲ," ಅಂದರು.

"ಸುಳ್ಳೇಳಿದ್ದು ದೊಡ್ಡಪ್ಪ ಅಣ್ಣಯ್ಯ. ಬಾಳೋದು ಅವನ್ ಜೊತೇಲಲ್ಲ," ಅಂದಳು ಅತ್ತೆ.

ಆ ಕಾಲದಲ್ಲಿ ಹೆಣ್ಣುಮಕ್ಕಳನ್ನು ಕೇಳುವ ರೂಢಿ ಇರಲಿಲ್ಲ. ಆದರೂ ಮಾರನೆಯ ದಿನ ಅಪ್ಪ ಅಕ್ಕನನ್ನು ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದರು. ಮನೆಯ ಬಡತನವನ್ನೂ ಮುಚ್ಚಲಿಲ್ಲ. ಅಕ್ಕ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಎಲ್ಲಾ ಕೇಳಿದ ಮೇಲೆ ಅವಳ ಕೈ ನಿಂತಿತು. ಅಪ್ಪನನ್ನಲ್ಲ, ನನ್ನನ್ನು ಕೇಳಿದಳು: "ಕರ ಹಾಲ್ ಕುಡೀತೇನೇ?"

"ಹೊಟ್ಟೆ ತುಂಬ ಕುಡೀತು. ಅವ್ರು ಅಲ್ಲೀಗಂಟ ಅದ್ರ ಬೆನ್ನು ಸವರ್ಕೊಂಡು ನಿಂತಿದ್ರು," ಅಂದೆ.

ಅಕ್ಕ ತಲೆ ತಗ್ಗಿಸಿ ಮತ್ತೆ ಕಲ್ಲು ಆರಿಸತೊಡಗಿದಳು. ಅತ್ತೆ ಅಪ್ಪನ ಕಡೆ ನೋಡಿದಳು. ಅಪ್ಪನಿಗೂ ಅರ್ಥವಾಯಿತು. ಶ್ರಾವಣದಲ್ಲಿ ಮದುವೆ ಆಯಿತು.

ಆ ಮನೆಯಲ್ಲಿ ಅಕ್ಕನಿಗೆ ಕಷ್ಟ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಸ್ವಂತ ಹಸು ಕಟ್ಟಲು ಎಷ್ಟೋ ವರ್ಷ ಹಿಡಿಯಿತು. ಆದರೆ ಭಾವ ಒಂದು ಮಾತು ಹೇಳಿದರೆ ಅವಳು ಅದನ್ನು ಇನ್ನೊಬ್ಬರ ಹತ್ತಿರ ವಿಚಾರಿಸಿದ್ದನ್ನು ನಾನು ಕಾಣೆ. ಅದನ್ನು ನೆನೆದರೆ ನನಗೆ ಈಗಲೂ ಸಂತೋಷವಾಗುತ್ತದೆ.

ಈಗ ನಿಮ್ಮ ದೊಡ್ಡಕ್ಕನಿಗೆ ವರ ನೋಡುತ್ತಿದ್ದಾರೆ. ಗಾಡಿಯಲ್ಲಿ ಮೈ ನೋಯಿಸಿಕೊಂಡು ಹೋಗಬೇಕಿಲ್ಲ, ಟಪಾಲಿನವನೇ ಮನೆಗೆ ತಂದು ಕೊಡುತ್ತಾನೆ. ಚೆಂದದ ಅಕ್ಷರದ ಕಾಗದ, ಜೊತೆಗೆ ಫೋಟೋ. ಕೋಟು ಹುಡುಗನದೋ ಸ್ಟುಡಿಯೋದವರದೋ ಯಾರಿಗೆ ಗೊತ್ತು? ಇರಲಿ, ಕೋಟು ಯಾರದಾದರೆ ನನಗೇನು. ಕಾಗದವನ್ನು ಯೋಚಿಸಿ ಬರೆದಿರುತ್ತಾರೆ, ಫೋಟೋಕ್ಕೆ ತಲೆ ಬಾಚಿ ನಿಂತಿರುತ್ತಾರೆ. ಯಾರೂ ಹೇಳಿಕೊಡದ ಗಳಿಗೆಯಲ್ಲಿ ಆ ಹುಡುಗ ಏನು ಮಾಡುತ್ತಾನೆ ಅನ್ನುವುದು ಎರಡರಲ್ಲೂ ಇರುವುದಿಲ್ಲ.

ನಿಮ್ಮಪ್ಪನಿಗೆ ಹೇಳಿದ್ದೇನೆ, ಭಾನುವಾರ ನಾನೇ ಬಸ್ಸು ಹತ್ತಿ ಆ ಹುಡುಗನ ಮನೆಗೆ ಹೋಗುತ್ತೇನೆ. ನಿಮ್ಮಲ್ಲಿ ಒಬ್ಬರು ನನ್ನ ಜೊತೆ ಬನ್ನಿ. ನನ್ನ ಕಣ್ಣು ಈಗ ಮಂಜು, ಕಿವಿ ಮಾತ್ರ ಚುರುಕು. ಅವರು ಮಾತಾಡುವುದನ್ನು ನಾನು ಕೇಳಿಸಿಕೊಳ್ಳುತ್ತೇನೆ, ಮುಖ ನೀವು ನೋಡಿ.